ಕಾಡಲ್ಲಿ ಅಳಿದ ಮರ, ಒಂದು ಕುಟುಂಬದ ನರ್ಸರಿಯಲ್ಲಿ ಉಳಿಯಿತು: ಜಾನ್ ಬಾರ್ಟ್ರಮ್ ಬದುಕಿನ ಕಥೆ

ಊರ ಹೊರಗಿನ ರಸ್ತೆ ಬದಿಯ ಯಾವ ನರ್ಸರಿಗೆ ಹೋದರೂ ಕಾಣುವುದು ಹೆಚ್ಚು ಕಡಿಮೆ ಒಂದೇ ನೋಟ. ಹಸಿರು ಪರದೆಯ ನೆರಳು, ಕಪ್ಪು ಕವರ್‌ಗಳಲ್ಲಿ ಸಾಲು ಸಾಲು ಸಸಿ, ಪೈಪು ಹಿಡಿದು ನೀರು ಬಿಡುವ ಅಪ್ಪ, ಮಣ್ಣು ಗೊಬ್ಬರ ಕಲಸುವ ಅಮ್ಮ, ಗಿರಾಕಿಗೆ ರೇಟು ಹೇಳುವ ಮಗ. ಇದರಲ್ಲೇನಿದೆ ದೊಡ್ಡಸ್ತಿಕೆ ಅನ್ನಿಸಬಹುದು. ಆದರೆ ಈ ಭೂಮಿಯ ಮೇಲೆ ಒಂದು ಜಾತಿಯ ಮರ ಇವತ್ತಿಗೂ ಜೀವಂತವಾಗಿದ್ದರೆ ಅದಕ್ಕೆ ಕಾರಣ ಇಂಥದ್ದೇ ಒಂದು ಮನೆಮಂದಿಯ ನರ್ಸರಿ.

ಆ ನರ್ಸರಿ ಇದ್ದದ್ದು ಅಮೆರಿಕದ ಫಿಲಡೆಲ್ಫಿಯಾ ಪಕ್ಕದಲ್ಲಿ, ಸ್ಕೂಲ್‌ಕಿಲ್ ನದಿಯ ದಂಡೆಯಲ್ಲಿ. ಶುರು ಮಾಡಿದವನು ಜಾನ್ ಬಾರ್ಟ್ರಮ್ ಅನ್ನುವ ರೈತ. ಹೆಚ್ಚು ಓದಿದವನಲ್ಲ. ಆದರೂ ಇಂಗ್ಲೆಂಡಿನ ರಾಜ ಅವನನ್ನು ತನ್ನ ಸಸ್ಯಶಾಸ್ತ್ರಜ್ಞ ಅಂತ ನೇಮಿಸಿದ. ಮೂರು ತಲೆಮಾರು, 120ಕ್ಕೂ ಹೆಚ್ಚು ವರ್ಷ ಆ ಮನೆಯವರು ಬೀಜ, ಗಿಡ ಮಾರಿಯೇ ಬದುಕಿದರು. ಕೊನೆಗೆ ಜಮೀನು ಕೈಬಿಟ್ಟು ಹೋಯಿತು. ಮರ ಮಾತ್ರ ಉಳಿಯಿತು.

ತಬ್ಬಲಿ ಹುಡುಗ, ಹರಾಜಿನ ಜಮೀನು

ಜಾನ್ ಹುಟ್ಟಿದ್ದು 1699ರಲ್ಲಿ, ಪೆನ್ಸಿಲ್ವೇನಿಯಾದ ಡಾರ್ಬಿ ಅನ್ನುವ ಹಳ್ಳಿಯಲ್ಲಿ. ಆಗಿನ್ನೂ ಅಮೆರಿಕ ಅಂತ ಒಂದು ದೇಶ ಇರಲಿಲ್ಲ, ಅದು ಇಂಗ್ಲಿಷರ ವಸಾಹತು. ಮನೆಯವರು ಕ್ವೇಕರ್ ಪಂಥದವರು. ಸರಳ ಬಟ್ಟೆ, ಮೌನ ಪ್ರಾರ್ಥನೆ, ಯುದ್ಧ ಬೇಡ ಅನ್ನುವ ನಂಬಿಕೆಯ ಜನ.

ಎರಡು ವರ್ಷದ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ಅಪ್ಪ ಮತ್ತೊಂದು ಮದುವೆಯಾಗಿ ದಕ್ಷಿಣದ ಕೆರೊಲೈನಾ ಕಡೆ ಹೊರಟುಹೋದ. ಜಾನ್ ಮತ್ತು ಅವನ ತಮ್ಮ ಅಜ್ಜಿಯ ಹತ್ತಿರವೇ ಉಳಿದರು. 1711ರಲ್ಲಿ ಕೆರೊಲೈನಾದಲ್ಲಿ ಬಿಳಿಯರಿಗೂ ಅಲ್ಲಿನ ಮೂಲ ನಿವಾಸಿಗಳಿಗೂ ಕಾಳಗ ನಡೆದು ಅಪ್ಪ ಸತ್ತ. ಆ ನೋವು ಜಾನ್ ಮನಸ್ಸಿನಿಂದ ಕೊನೆಯವರೆಗೂ ಹೋಗಲಿಲ್ಲ. ಮುಂದೆ ಮೂಲ ನಿವಾಸಿಗಳ ನಾಡಲ್ಲೇ ಸಾವಿರಾರು ಮೈಲಿ ತಿರುಗಿದ, ಅವರು ಕೊಟ್ಟ ಊಟ ಉಂಡ, ಅವರ ದಾರಿಯಲ್ಲೇ ನಡೆದ. ಆದರೂ ಅವರ ಬಗ್ಗೆ ಒಳಗೊಳಗೇ ಕಹಿ ಇಟ್ಟುಕೊಂಡೇ ಇದ್ದ. ಗಿಡಗಳ ವಿಷಯದಲ್ಲಿ ಇದ್ದ ಉದಾರತೆ ಮನುಷ್ಯರ ವಿಷಯದಲ್ಲಿ ಅವನಿಗೆ ಯಾವಾಗಲೂ ಇರಲಿಲ್ಲ.

ಓದು ಅಂದರೆ ಹಳ್ಳಿ ಶಾಲೆಯ ಓದು, ಅಷ್ಟೇ. 1723ರಲ್ಲಿ ಮೇರಿ ಎಂಬಾಕೆಯ ಜೊತೆ ಮದುವೆಯಾಯಿತು. ನಾಲ್ಕೇ ವರ್ಷಕ್ಕೆ ಆಕೆಯೂ ತೀರಿಕೊಂಡಳು. ಮರುವರ್ಷ, 1728ರಲ್ಲಿ, ಕಿಂಗ್‌ಸೆಸ್ಸಿಂಗ್ ಅನ್ನುವಲ್ಲಿ ನದಿ ದಂಡೆಯ ನೂರು ಎಕರೆಯಷ್ಟು ಜಮೀನು ಹರಾಜಿಗೆ ಬಂತು. ಜಾನ್ ಅದನ್ನು ಕೊಂಡ. 1729ರಲ್ಲಿ ಆನ್ ಮೆಂಡನ್‌ಹಾಲ್ ಎಂಬಾಕೆಯನ್ನು ಎರಡನೇ ಮದುವೆಯಾದ. ಇಬ್ಬರು ಹೆಂಡಿರಿಂದ ಒಟ್ಟು 11 ಮಕ್ಕಳು, ಅದರಲ್ಲಿ ಒಂಬತ್ತು ಆನ್ ಮಕ್ಕಳು.

ಆ ಜಮೀನಿನಲ್ಲಿ ಜಾನ್ ಮೈಮುರಿದು ದುಡಿದ. ಕಲ್ಲು ಒಡೆಯುವ ಕೆಲಸ ಬರುತ್ತಿತ್ತು, ತಾನೇ ಕಲ್ಲು ಸೀಳಿ ಮನೆ ಕಟ್ಟಿದ. ನದಿ ಪಕ್ಕದ ಜೌಗು ನೆಲದ ನೀರು ಬಸಿದು ಹುಲ್ಲುಗಾವಲು ಮಾಡಿದ. ಸೇಬಿನ ರಸ ಹಿಂಡಲು ನದಿ ದಂಡೆಯ ಬಂಡೆಯಲ್ಲೇ ಗಾಣದಂಥ ಗುಂಡಿ ಕೊರೆಸಿದ್ದು ಇವತ್ತಿಗೂ ಅಲ್ಲಿದೆ.

ನೇಗಿಲು ನಿಲ್ಲಿಸಿದ ಹೂವು

ರೈತನಿಗೆ ಗಿಡಗಳ ಹುಚ್ಚು ಹಿಡಿದದ್ದು ಹೇಗೆ? ಅದಕ್ಕೊಂದು ಕಥೆ ಇದೆ. ಒಂದು ದಿನ ಉಳುತ್ತಾ ಉಳುತ್ತಾ ದಣಿದು ಮರದ ನೆರಳಿಗೆ ಕೂತನಂತೆ. ಕೈಗೆ ಸಿಕ್ಕ ಡೇಸಿ ಹೂವೊಂದನ್ನು ಕಿತ್ತು ನೋಡುತ್ತಾ ಇದ್ದಾಗ ನಾಚಿಕೆಯಾಯಿತಂತೆ. ಇಷ್ಟು ವರ್ಷ ನೇಗಿಲಲ್ಲಿ ಎಷ್ಟು ಗಿಡ ಬುಡಮೇಲು ಮಾಡಿದೆ, ಒಂದರ ಹೆಸರೂ ಗೊತ್ತಿಲ್ಲವಲ್ಲ ಅಂತ. ಆಮೇಲೆ ಪಟ್ಟಣಕ್ಕೆ ಹೋಗಿ ಸಸ್ಯಶಾಸ್ತ್ರದ ಪುಸ್ತಕ ತಂದ, ಅದು ಲ್ಯಾಟಿನ್ ಭಾಷೆಯಲ್ಲಿದ್ದುದರಿಂದ ಲ್ಯಾಟಿನ್ ಕಲಿಯಲು ಮೇಷ್ಟ್ರ ಹತ್ತಿರ ಹೋದ ಅಂತೆಲ್ಲ ಕಥೆ ಬೆಳೆಯುತ್ತದೆ. ಇದನ್ನು ಬರೆದವನು ಕ್ರೆವ್‌ಕೂರ್ ಎಂಬ ಲೇಖಕ, 1782ರ ತನ್ನ ಪುಸ್ತಕದಲ್ಲಿ. ಅಷ್ಟು ಹೊತ್ತಿಗೆ ಜಾನ್ ಸತ್ತು ಐದು ವರ್ಷವಾಗಿತ್ತು. ಹಾಗಾಗಿ ಇದನ್ನು ಕಥೆ ಅಂತಲೇ ಇಟ್ಟುಕೊಳ್ಳುವುದು ಒಳ್ಳೆಯದು.

ನಿಜವಾಗಿ ನೆರವಾದವನು ಜೇಮ್ಸ್ ಲೋಗನ್. ಪೆನ್ಸಿಲ್ವೇನಿಯಾದ ದೊಡ್ಡ ಅಧಿಕಾರಿ, ಮನೆ ತುಂಬಾ ಪುಸ್ತಕ ಇಟ್ಟಿದ್ದವನು. ಈ ರೈತನ ಆಸಕ್ತಿ ನೋಡಿ ಗಿಡಮೂಲಿಕೆಯ ದೊಡ್ಡ ಪುಸ್ತಕವೊಂದನ್ನು ಕೊಟ್ಟ. ಸಸ್ಯಗಳನ್ನು ಹೂವಿನ ಭಾಗಗಳ ಲೆಕ್ಕದಲ್ಲಿ ವಿಂಗಡಿಸುವ ಲಿನೇಯಸ್‌ನ ಪದ್ಧತಿಯನ್ನೂ ಹೇಳಿಕೊಟ್ಟ. ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್ ಗೆಳೆಯನಾದ. 1743ರಲ್ಲಿ ಅಮೆರಿಕನ್ ಫಿಲಾಸಫಿಕಲ್ ಸೊಸೈಟಿ ಶುರುವಾದಾಗ ಫ್ರಾಂಕ್ಲಿನ್ ಜೊತೆ ಈ ರೈತನೂ ಸ್ಥಾಪಕರಲ್ಲಿ ಒಬ್ಬ.

ಐದು ಗಿನಿಯ ಪೆಟ್ಟಿಗೆ

ಹುಚ್ಚು ಇದ್ದರೆ ಸಾಕೇ? ಹೊಟ್ಟೆಪಾಡು ನಡೆಯಬೇಕಲ್ಲ. ಹುಚ್ಚನ್ನು ವ್ಯಾಪಾರ ಮಾಡಿಕೊಟ್ಟವನು ಲಂಡನ್ನಿನ ಪೀಟರ್ ಕಾಲಿನ್ಸನ್. ಅವನೂ ಕ್ವೇಕರ್, ಬಟ್ಟೆ ವ್ಯಾಪಾರಿ. ಅಮೆರಿಕಕ್ಕೆ ಬಟ್ಟೆ ಕಳಿಸುತ್ತಾ, ಅಲ್ಲಿಂದ ಹೊಸ ಹೊಸ ಗಿಡ ತರಿಸಿಕೊಳ್ಳಬೇಕು ಅನ್ನುವ ಆಸೆ. ಅಲ್ಲಿನ ಪರಿಚಯದವರಿಗೆ ಎಷ್ಟು ಸಲ ಬರೆದರೂ ಬೀಜ ಬರುತ್ತಿರಲಿಲ್ಲ. 1730ರ ದಶಕದ ಆರಂಭದಲ್ಲಿ ಯಾರೋ ಬಾರ್ಟ್ರಮ್ ಹೆಸರು ಹೇಳಿದರು. ಪತ್ರ ಹೋಯಿತು, ಬೀಜ ಬಂತು.

ಅಲ್ಲಿಂದ ಶುರುವಾದ ಪತ್ರ ವ್ಯವಹಾರ 1768ರಲ್ಲಿ ಕಾಲಿನ್ಸನ್ ಸಾಯುವವರೆಗೂ ನಡೆಯಿತು. ಮೂವತ್ತು ವರ್ಷ ದಾಟಿದ ಸ್ನೇಹ, ಒಮ್ಮೆಯೂ ಇಬ್ಬರೂ ಮುಖಾಮುಖಿ ಭೇಟಿಯಾಗಲಿಲ್ಲ.

ವ್ಯಾಪಾರದ ರೀತಿ ಹೀಗಿತ್ತು. ಒಂದು ಪೆಟ್ಟಿಗೆಗೆ ಐದು ಗಿನಿ. ಅದರಲ್ಲಿ ನೂರರ ಆಸುಪಾಸು ಬಗೆಯ ಬೀಜಗಳು. ಓಕ್, ಮೇಪಲ್, ಪೈನ್, ರೋಡೊಡೆಂಡ್ರಾನ್, ನಮ್ಮ ಸಂಪಿಗೆಯ ಕುಲದ್ದೇ ಆದ ಮ್ಯಾಗ್ನೋಲಿಯಾ, ಹೀಗೆ. ಲಂಡನ್ನಿನಲ್ಲಿ ಕಾಲಿನ್ಸನ್ ಗಿರಾಕಿಗಳನ್ನು ಹಿಡಿದು ಹಣ ವಸೂಲಿ ಮಾಡುತ್ತಿದ್ದ. ಗಿರಾಕಿಗಳೂ ಸಾಮಾನ್ಯರಲ್ಲ. ಲಾರ್ಡ್ ಪೀಟರ್, ರಿಚ್‌ಮಂಡ್‌ನ ಡ್ಯೂಕ್, ಆರ್ಗೈಲ್‌ನ ಡ್ಯೂಕ್, ಚೆಲ್ಸಿಯ ಔಷಧಿ ತೋಟದ ಫಿಲಿಪ್ ಮಿಲ್ಲರ್. ಇಂಗ್ಲೆಂಡಿನ ಸಿರಿವಂತರ ತೋಟಗಳಲ್ಲಿ ಶರತ್ಕಾಲದ ಕೆಂಪು ಹಳದಿ ಬಣ್ಣ ತುಂಬಿದ್ದರಲ್ಲಿ ಈ ಪೆಟ್ಟಿಗೆಗಳ ಪಾಲು ದೊಡ್ಡದು. ಅಮೆರಿಕದ ಇನ್ನೂರರಷ್ಟು ಜಾತಿಯ ಗಿಡಗಳು ಬಾರ್ಟ್ರಮ್ ಕೈಯಿಂದಲೇ ಯುರೋಪಿನ ತೋಟಗಳಿಗೆ ಹೋದವು ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ.

ಪೆಟ್ಟಿಗೆ ತುಂಬುವುದು ಹೇಳಿದಷ್ಟು ಸುಲಭ ಇರಲಿಲ್ಲ. ಹಾಯಿ ಹಡಗು ಅಟ್ಲಾಂಟಿಕ್ ದಾಟಲು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಬೇಕು. ಬೀಜ ಒದ್ದೆಯಾದರೆ ಬೂಷ್ಟು, ತೀರಾ ಒಣಗಿದರೆ ಓಕ್ ಬೀಜ ಸತ್ತೇ ಹೋಗುತ್ತದೆ. ಹಡಗಿನ ಇಲಿಗಳು ಪೆಟ್ಟಿಗೆ ಕೊರೆದು ತಿನ್ನುತ್ತಿದ್ದವು. ಜೀವಂತ ಸಸಿ ಕಳಿಸಬೇಕಾದರೆ ಎತ್ತಿನ ಮೂತ್ರಕೋಶದ ಚೀಲದಲ್ಲಿ ಬೇರು, ಮಣ್ಣು, ನೀರು ಹಾಕಿ ಕಾಂಡದ ಸುತ್ತ ಬಿಗಿಯಾಗಿ ಕಟ್ಟುವ ಉಪಾಯವನ್ನು ಕಾಲಿನ್ಸನ್ ಹೇಳಿಕೊಟ್ಟ. ಇವತ್ತಿನ ಪ್ಲಾಸ್ಟಿಕ್ ಕವರ್‌ನ ಮುತ್ತಜ್ಜ ಅನ್ನಬಹುದು. ಯುದ್ಧ ಶುರುವಾದರೆ ಶತ್ರು ಹಡಗುಗಳು ಸರಕಿನ ಜೊತೆ ಬೀಜದ ಪೆಟ್ಟಿಗೆಯನ್ನೂ ಹೊಡೆದುಕೊಂಡು ಹೋಗುತ್ತಿದ್ದವು. ಆ ವರ್ಷದ ದುಡಿಮೆ ನೀರುಪಾಲು.

ಸ್ನೇಹ ಅಂದಮೇಲೆ ಮುನಿಸೂ ಇತ್ತು. ಕಾಲಿನ್ಸನ್ ಲಂಡನ್ನಿನ ನಾಜೂಕಿನ ಮನುಷ್ಯ. 1738ರಲ್ಲಿ ಜಾನ್ ವರ್ಜೀನಿಯಾಕ್ಕೆ ಹೊರಟಾಗ, ಅಲ್ಲಿನ ಶ್ರೀಮಂತರು ಬಟ್ಟೆ ನೋಡಿ ಮನುಷ್ಯನನ್ನು ಅಳೆಯುತ್ತಾರೆ, ನೆಟ್ಟಗೆ ಉಡುಪು ಹಾಕಿಕೊಂಡು ಹೋಗು ಅಂತ ಬುದ್ಧಿ ಹೇಳಿದ. ಹಾಗೆ ಹೇಳಿದವನೇ ಇನ್ನೊಂದು ಸಲ ತೂತು ಬಿದ್ದ ಹಳೇ ಟೋಪಿ ಕಳಿಸಿ ಜಾನ್ ಕೈಲಿ ಬೈಸಿಕೊಂಡ. ತಾನು ಕಳಿಸುವ ಬೀಜಕ್ಕೂ ಅದಕ್ಕೆ ಬರುವ ಪ್ರತಿಫಲಕ್ಕೂ ತಾಳೆ ಆಗುತ್ತಿಲ್ಲ ಅನ್ನುವ ಅಸಮಾಧಾನ ಜಾನ್‌ಗೆ ಇದ್ದೇ ಇತ್ತು. ಬೆಳೆದವನಿಗೂ ಮಾರುಕಟ್ಟೆಗೂ ನಡುವಿನ ಈ ಜಗ್ಗಾಟ ಯಾವ ಊರಿನ ರೈತನಿಗೆ ಗೊತ್ತಿಲ್ಲ?

ಸುಗ್ಗಿ ಮುಗಿದ ಮೇಲೆ ಕಾಡಿಗೆ

ಬೀಜ ಮಾಗುವುದು ಶರತ್ಕಾಲದಲ್ಲಿ. ಹೊಲದ ಕೊಯ್ಲು ಮುಗಿಯುತ್ತಿದ್ದಂತೆ ಜಾನ್ ಕುದುರೆ ಹತ್ತಿ ಹೊರಟುಬಿಡುತ್ತಿದ್ದ. ಮನೆ, ದನ, ಕೂಲಿಯಾಳು, ಮಕ್ಕಳು ಎಲ್ಲಾ ಆನ್ ಹೆಗಲಿಗೆ. ಅವನ ಹೆಸರು ಪುಸ್ತಕಗಳಲ್ಲಿ ಉಳಿಯಿತು, ಆದರೆ ಆನ್ ಮನೆ ಹಿಡಿದು ನಿಲ್ಲದಿದ್ದರೆ ಅವನು ಊರ ಗಡಿ ದಾಟುವುದೂ ಕಷ್ಟವಿತ್ತು.

ವರ್ಜೀನಿಯಾದ ಆ ಪ್ರಯಾಣದಲ್ಲಿ ಐದು ವಾರಕ್ಕೆ 1,100 ಮೈಲಿ ಸುತ್ತಿದ. 1743ರಲ್ಲಿ ಕೊನ್ರಾಡ್ ವೈಸರ್ ಎಂಬ ದುಭಾಷಿ, ಲೂಯಿಸ್ ಇವಾನ್ಸ್ ಎಂಬ ನಕ್ಷೆಗಾರನ ಜೊತೆ ಉತ್ತರದಲ್ಲಿ ಇರೊಕ್ವಾ ಜನರ ರಾಜಧಾನಿ ಒನೊಂಡಾಗಾವರೆಗೆ, ಮುಂದೆ ಒಂಟಾರಿಯೊ ಸರೋವರದವರೆಗೆ ಹೋದ. ಆ ಪ್ರಯಾಣದ ಟಿಪ್ಪಣಿ 1751ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಯಿತು. 1753ರಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟಗಳಿಗೆ ಹೋಗುವಾಗ ಹದಿನಾಲ್ಕು ವರ್ಷದ ಮಗ ವಿಲಿಯಂನನ್ನೂ ಜೊತೆಗೆ ಕರೆದುಕೊಂಡ. ಹುಡುಗ ಚೆನ್ನಾಗಿ ಚಿತ್ರ ಬರೆಯುತ್ತಿದ್ದ.

ತಂದದ್ದನ್ನೆಲ್ಲ ಪೆಟ್ಟಿಗೆಗೆ ತುಂಬಿ ಕಳಿಸುತ್ತಿರಲಿಲ್ಲ. ಒಂದು ಪಾಲು ಸ್ವಂತ ತೋಟದಲ್ಲಿ ನೆಡುತ್ತಿದ್ದ. ಪ್ರತಿ ವರ್ಷ ಕಾಡಿಗೇ ಹೋಗಿ ಬೀಜ ಹೆಕ್ಕುವ ಬದಲು ಮನೆ ಹಿತ್ತಲಲ್ಲೇ ತಾಯಿ ಮರ ಇದ್ದರೆ ಅನುಕೂಲ. ಇದು ವ್ಯಾಪಾರಿಯ ಲೆಕ್ಕಾಚಾರ. ಮುಂದೆ ಒಂದು ಮರದ ಅಳಿವು ಉಳಿವು ನಿಂತದ್ದು ಈ ಅಭ್ಯಾಸದ ಮೇಲೆಯೇ.

ತೋಟದ ಸುದ್ದಿ ಯುರೋಪಿಗೂ ಮುಟ್ಟಿತು. 1748ರಲ್ಲಿ ಲಿನೇಯಸ್‌ನ ಶಿಷ್ಯ ಪೆಹ್ರ್ ಕಾಲ್ಮ್ ಸ್ವೀಡನ್ನಿನಿಂದ ಬಂದು ನೋಡಿದ. ಜಗತ್ತಿನ ಅತಿ ದೊಡ್ಡ ಸಹಜ ಸಸ್ಯಶಾಸ್ತ್ರಜ್ಞ ಈತ ಅಂತ ಸ್ವತಃ ಲಿನೇಯಸ್ ಹೊಗಳಿದ ಅನ್ನುವ ಪ್ರತೀತಿ ಇದೆ. 1769ರಲ್ಲಿ ಸ್ವೀಡನ್ನಿನ ರಾಯಲ್ ಅಕಾಡೆಮಿ ಅವನನ್ನು ಸದಸ್ಯನಾಗಿ ಮಾಡಿಕೊಂಡಿತು. ಪಾಚಿಯ ಒಂದು ಕುಲಕ್ಕೆ ಬಾರ್ಟ್ರಾಮಿಯಾ ಅಂತ ಅವನ ಹೆಸರೇ ಇದೆ.

ಊರಲ್ಲಿ ಮಾತ್ರ ಬೇರೆ ಕಥೆ. ಏಸುವಿನ ದೈವತ್ವವನ್ನು ಒಪ್ಪುವುದಿಲ್ಲ ಅಂದದ್ದಕ್ಕೆ 1758ರಲ್ಲಿ ಡಾರ್ಬಿಯ ಕ್ವೇಕರ್ ಸಭೆ ಅವನನ್ನು ಹೊರಗೆ ಹಾಕಿತು. ಜಾನ್ ಜಗಳಕ್ಕೆ ಹೋಗಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಸಭೆಗೆ ಹೋಗಿ ಕೂರುವುದನ್ನು ಮಾತ್ರ ಬಿಡಲಿಲ್ಲ.

ರಾಜನ ಸಂಬಳ, ನದಿ ದಂಡೆಯ ಮರ

1764ರಲ್ಲಿ ಅದೇ ಸೀಮೆಯ ವಿಲಿಯಂ ಯಂಗ್ ಎಂಬ ತರುಣ ಇಂಗ್ಲೆಂಡಿನ ರಾಣಿಯ ಸಸ್ಯಶಾಸ್ತ್ರಜ್ಞನಾಗಿ ನೇಮಕಗೊಂಡ. ಮೂವತ್ತು ವರ್ಷದಿಂದ ಬೀಜ ಹೊತ್ತು ಕಳಿಸಿದ ಜಾನ್‌ಗೆ ಇದು ಎದೆಗೆ ಚುಚ್ಚಿತು. ಕಾಲಿನ್ಸನ್ ಓಡಾಡಿದ. 1765ರಲ್ಲಿ ಮೂರನೇ ಜಾರ್ಜ್ ರಾಜ ಜಾನ್‌ಗೆ ವರ್ಷಕ್ಕೆ 50 ಪೌಂಡ್ ಗೊತ್ತು ಮಾಡಿ ರಾಜನ ಸಸ್ಯಶಾಸ್ತ್ರಜ್ಞ ಅನ್ನುವ ಹೆಸರು ಕೊಟ್ಟ. ಅಷ್ಟು ಹೊತ್ತಿಗೆ ಜಾನ್ ವಯಸ್ಸು 66.

ಆ ವಯಸ್ಸಲ್ಲಿ ಮನೆಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಮಗ ವಿಲಿಯಂನನ್ನು ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟ. ಚಾರ್ಲ್ಸ್‌ಟನ್, ಸವಾನಾ, ಜಾರ್ಜಿಯಾ, ಅಲ್ಲಿಂದ ಫ್ಲೋರಿಡಾ. ದಾರಿಯಲ್ಲಿ ಜ್ವರ ಹಿಡಿದು ನರಳಿದರೂ ಸೇಂಟ್ ಜಾನ್ಸ್ ನದಿಯಲ್ಲಿ ದೋಣಿ ಹಾಕಿಕೊಂಡು ಒಳನಾಡಿಗೆ ಹೋದ.

ಫ್ಲೋರಿಡಾ ಮುಟ್ಟುವ ಮೊದಲೇ, 1765ರ ಅಕ್ಟೋಬರ್ 1ರಂದು, ಜಾರ್ಜಿಯಾದ ಅಲ್ಟಮಾಹಾ ನದಿಯ ಹತ್ತಿರ ಅಪ್ಪ ಮಗ ಹಿಂದೆ ಎಂದೂ ನೋಡದ ಪೊದೆಯಂಥ ಮರಗಳನ್ನು ಕಂಡರು. ಹೂವಿನ ಕಾಲ ಮುಗಿದಿತ್ತು. ಯಾವ ಜಾತಿಯದ್ದು ಅಂತ ಇಬ್ಬರಿಗೂ ತಿಳಿಯಲಿಲ್ಲ. ಜಾನ್ ದಿನಚರಿಯಲ್ಲಿ ವಿಶೇಷವಾದ ಗಿಡ ಅಂತ ಗುರುತು ಹಾಕಿಕೊಂಡು ಮುಂದೆ ನಡೆದ.

ದಾರಿ ತಪ್ಪಿದ ಮಗ

ವಿಲಿಯಂ ಅಪ್ಪನಿಗೆ ಚಿಂತೆಯ ಮಗ. ಚಿತ್ರ ಬರೆಯುವುದು, ಹಕ್ಕಿ ನೋಡುವುದು ಬಿಟ್ಟರೆ ಯಾವ ಕೆಲಸದಲ್ಲೂ ನಿಲ್ಲುತ್ತಿರಲಿಲ್ಲ. ನಾರ್ತ್ ಕೆರೊಲೈನಾದಲ್ಲಿ ಅಂಗಡಿ ಇಟ್ಟ, ನಷ್ಟವಾಯಿತು. ಫ್ಲೋರಿಡಾ ನೋಡಿದ ಮೇಲೆ ಅಲ್ಲೇ ಬೇಸಾಯ ಮಾಡುತ್ತೇನೆ ಅಂತ ಹಟ ಹಿಡಿದ. ಅಪ್ಪ ಒಲ್ಲದ ಮನಸ್ಸಿನಿಂದ ಸಾಮಾನು ಸರಂಜಾಮು ಒದಗಿಸಿದ, ಗುಲಾಮರನ್ನೂ ಕೊಂಡು ಕಳಿಸಿದ. ಕ್ವೇಕರ್ ಜನರೇ ಗುಲಾಮಗಿರಿ ಪಾಪ ಅಂತ ಮಾತಾಡತೊಡಗಿದ್ದ ಕಾಲ ಅದು. ಈ ಕುಟುಂಬದ ಚರಿತ್ರೆಯಲ್ಲಿ ಅಳಿಸಲಾಗದ ಕಲೆ ಇದು.

1766ರಲ್ಲಿ ಚಾರ್ಲ್ಸ್‌ಟನ್‌ನ ವ್ಯಾಪಾರಿ ಹೆನ್ರಿ ಲಾರೆನ್ಸ್ ಆ ಜಾಗ ನೋಡಿ ಬಂದು, ಮಗನ ಸ್ಥಿತಿ ಕಣ್ಣಲ್ಲಿ ನೋಡಲಾಗದಂತಿದೆ ಅನ್ನುವ ಅರ್ಥದಲ್ಲಿ ಜಾನ್‌ಗೆ ಪತ್ರ ಬರೆದ. ಜೌಗಿನ ನಡುವೆ ಗುಡಿಸಲು, ಜ್ವರ, ಒಂಟಿತನ. ತೋಟ ಕೈಹಿಡಿಯಲಿಲ್ಲ. ಮಗ ವಾಪಸ್ ಬಂದ, ಸಾಲ ಮಾಡಿಕೊಂಡ, ಸಾಲಗಾರರಿಗೆ ಹೆದರಿ ಮತ್ತೆ ಊರು ಬಿಟ್ಟ. ಮುಂದಿನ ದಿನಗಳಲ್ಲಿ ಇದೇ ವಿಲಿಯಂ ಗುಲಾಮಗಿರಿಯ ವಿರುದ್ಧ ಬರೆದ.

ಅವನ ಚಿತ್ರಗಳನ್ನು ಮೆಚ್ಚಿದ್ದ ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ ಕೈಹಿಡಿದ. ದಕ್ಷಿಣದಲ್ಲಿ ಗಿಡ ಸಂಗ್ರಹಿಸಿ ಕಳಿಸು, ವರ್ಷಕ್ಕಿಷ್ಟು ಹಣ ಕೊಡುತ್ತೇನೆ ಅಂದ. 1773ರಲ್ಲಿ ಹೊರಟ ವಿಲಿಯಂ ನಾಲ್ಕು ವರ್ಷ ಅಲ್ಲೇ ತಿರುಗಿದ. ಫ್ಲೋರಿಡಾದ ಸೆಮಿನೋಲ್ ಜನ ಅವನಿಗೆ ಪುಕ್ ಪುಗ್ಗಿ ಅಂತ ಹೆಸರಿಟ್ಟರು, ಹೂವು ಹುಡುಕುವವನು ಅಂತ ಅರ್ಥ. ಅಪ್ಪನಿಗೆ ಅವರ ಬಗ್ಗೆ ಇದ್ದ ಕಹಿ ಮಗನಲ್ಲಿ ಇರಲಿಲ್ಲ.

ಈ ಸುತ್ತಾಟದಲ್ಲಿ ವಿಲಿಯಂ ಅಲ್ಟಮಾಹಾ ದಂಡೆಗೆ ಮತ್ತೆ ಹೋದ. ಈ ಸಲ ಮರ ಹೂ ಬಿಟ್ಟಿತ್ತು. ಬಿಳಿ ದಳ, ನಡುವೆ ಹಳದಿ ಕೇಸರದ ಗೊಂಚಲು, ಒಳ್ಳೆಯ ಪರಿಮಳ. ಅದು ಚಹಾ ಗಿಡದ ಕುಟುಂಬದ್ದು. ಎಷ್ಟು ಹುಡುಕಿದರೂ ಆ ಎರಡು ಮೂರು ಎಕರೆ ಜಾಗ ಬಿಟ್ಟು ಬೇರೆಲ್ಲೂ ಆ ಮರ ಸಿಗಲಿಲ್ಲ. ವಿಲಿಯಂ ಬೀಜ ಕಟ್ಟಿಕೊಂಡ.

ಅಪ್ಪ ನೋಡದ ಹೂವು

1777ರ ಜನವರಿಯಲ್ಲಿ ವಿಲಿಯಂ ಮನೆ ಸೇರಿದ. ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿತ್ತು. ರಾಜನ 50 ಪೌಂಡ್ ನಿಂತಿತ್ತು, ಇಂಗ್ಲೆಂಡಿನ ಬೀಜ ವ್ಯಾಪಾರವೂ ನಿಂತಿತ್ತು. ಜಾನ್ ಕಣ್ಣು ಮಂಜಾಗಿತ್ತು. ತೋಟದ ಉಸ್ತುವಾರಿ ಕಿರಿಯ ಮಗ ಚಿಕ್ಕ ಜಾನ್ ಕೈಗೆ ಬಂದಿತ್ತು.

ಸೆಪ್ಟೆಂಬರ್ 11ರಂದು ಬ್ರ್ಯಾಂಡಿವೈನ್ ಎಂಬಲ್ಲಿ ವಾಷಿಂಗ್ಟನ್ ಸೇನೆ ಸೋತಿತು. ಬ್ರಿಟಿಷ್ ಸೈನ್ಯ ಫಿಲಡೆಲ್ಫಿಯಾ ಕಡೆ ನುಗ್ಗುತ್ತಾ ಬಂತು. ಐವತ್ತು ವರ್ಷ ಕೈಯಾರೆ ಬೆಳೆಸಿದ ತೋಟವನ್ನು ಸೈನಿಕರು ತುಳಿದು ಹಾಳು ಮಾಡಿಬಿಡುತ್ತಾರೆ ಅನ್ನುವ ಕೊರಗಿನಲ್ಲೇ ಮುದುಕ ಪ್ರಾಣ ಬಿಟ್ಟ ಅಂತ ಮನೆಯವರು ಹೇಳಿಕೊಂಡು ಬಂದಿದ್ದಾರೆ. ಜಾನ್ ಸತ್ತದ್ದು ಸೆಪ್ಟೆಂಬರ್ 22ರಂದು, 78ನೇ ವಯಸ್ಸಿನಲ್ಲಿ. ನಾಲ್ಕು ದಿನದ ಮೇಲೆ ಬ್ರಿಟಿಷರು ಪಟ್ಟಣ ಹಿಡಿದರು. ತೋಟಕ್ಕೆ ಏನೂ ಆಗಲಿಲ್ಲ. ಡಾರ್ಬಿಯಲ್ಲಿ ಅವನನ್ನು ಹೊರಗೆ ಹಾಕಿದ್ದ ಕ್ವೇಕರ್ ಜನರ ಸ್ಮಶಾನದಲ್ಲೇ ಮಣ್ಣು ಮಾಡಿದರು.

ವಿಲಿಯಂ ತಂದ ಬೀಜ ಮೊಳೆತು, ಗಿಡವಾಗಿ, 1780ರ ದಶಕದ ಆರಂಭದಲ್ಲಿ ಮೊದಲ ಹೂ ಬಿಟ್ಟಿತು. ಅದನ್ನು ಮೊದಲು ಗುರುತಿಸಿದ ಜಾನ್ ಅದರ ಹೂವನ್ನು ನೋಡಲೇ ಇಲ್ಲ. ಮಕ್ಕಳು ಆ ಮರಕ್ಕೆ ಅಪ್ಪನ ಹಳೆಯ ಗೆಳೆಯನ ಹೆಸರಿಟ್ಟರು: ಫ್ರಾಂಕ್ಲಿನಿಯಾ. ಅವರ ಸಂಬಂಧಿ ಹಂಫ್ರಿ ಮಾರ್ಷಲ್ 1785ರ ತನ್ನ ಪುಸ್ತಕದಲ್ಲಿ ಆ ಹೆಸರನ್ನು ಅಚ್ಚು ಹಾಕಿಸಿದ.

ಅಣ್ಣ ತಮ್ಮಂದಿರ ನರ್ಸರಿ

ಅಪ್ಪನ ಕಾಲದ ಪೆಟ್ಟಿಗೆ ವ್ಯಾಪಾರವನ್ನು ಮಕ್ಕಳು ನಿಜವಾದ ನರ್ಸರಿ ಮಾಡಿದರು. 1783ರಲ್ಲಿ, ಯುದ್ಧ ಮುಗಿಯುತ್ತಿದ್ದ ಹೊತ್ತಿಗೆ, ಮಾರಾಟಕ್ಕಿರುವ ಗಿಡಗಳ ಒಂದು ಹಾಳೆಯ ಪಟ್ಟಿ ಅಚ್ಚು ಮಾಡಿಸಿದರು. ಅಮೆರಿಕದ ಗಿಡಗಳಿಗಾಗಿ ಅಲ್ಲಿನ ನರ್ಸರಿಯೊಂದು ಹೊರಡಿಸಿದ ಮೊದಲ ಪಟ್ಟಿ ಇದು ಅನ್ನುತ್ತಾರೆ. ಫ್ರಾಂಕ್ಲಿನಿಯಾ ಕೂಡ ಮಾರಾಟಕ್ಕೆ ಬಂತು. ಚಿಕ್ಕ ಜಾನ್ ವ್ಯವಹಾರ ನೋಡಿಕೊಂಡ. ಮದುವೆಯಾಗದ ಅಣ್ಣ ವಿಲಿಯಂ ತಮ್ಮನ ಮನೆಯಲ್ಲೇ ಇದ್ದು ಬೀಜ, ಸಸಿ, ಹೆಸರು, ವಿವರ ನೋಡಿಕೊಂಡ. ಲೋಕದ ಕಣ್ಣಲ್ಲಿ ಎಲ್ಲದರಲ್ಲೂ ಸೋತವನಿಗೆ ಈ ತೋಟದಲ್ಲಿ ನೆಲೆ ಸಿಕ್ಕಿತು. 1786ರಲ್ಲಿ ಬೀಜ ಕೀಳಲು ಮರ ಹತ್ತಿ ಬಿದ್ದು ಕಾಲು ಮುರಿದುಕೊಂಡ ಮೇಲೆ ದೊಡ್ಡ ಪ್ರಯಾಣ ನಿಂತೇ ಹೋಯಿತು. 1791ರಲ್ಲಿ ಅವನ ಪ್ರವಾಸದ ಪುಸ್ತಕ ಹೊರಬಂತು, ಯುರೋಪಿನ ಕವಿಗಳೂ ಅದನ್ನು ಓದಿದರು. ನೆರೆಯ ಶಾಲೆಯ ಮೇಷ್ಟ್ರು ಅಲೆಕ್ಸಾಂಡರ್ ವಿಲ್ಸನ್‌ಗೆ ಹಕ್ಕಿಗಳ ಚಿತ್ರ ಬರೆಯಲು ಕಲಿಸಿದವನೂ ಇವನೇ. ಆ ಮೇಷ್ಟ್ರು ಮುಂದೆ ಅಮೆರಿಕದ ಪಕ್ಷಿಶಾಸ್ತ್ರದ ದೊಡ್ಡ ಹೆಸರಾದ.

1787ರಲ್ಲಿ ಸಂವಿಧಾನ ಬರೆಯಲು ಫಿಲಡೆಲ್ಫಿಯಾದಲ್ಲಿ ಸೇರಿದ್ದ ನಾಯಕರು ತೋಟ ನೋಡಲು ಬಂದರು. ಜೂನ್‌ನಲ್ಲಿ ವಾಷಿಂಗ್ಟನ್ ಬಂದ. ಅಪರೂಪದ ಗಿಡಗಳೇನೋ ಬೇಕಾದಷ್ಟಿವೆ, ಜಾಗ ಚಿಕ್ಕದು, ಜೋಡಣೆಯಲ್ಲಿ ಅಂದವಿಲ್ಲ ಅನ್ನುವ ಅರ್ಥದಲ್ಲಿ ದಿನಚರಿಯಲ್ಲಿ ಬರೆದುಕೊಂಡ. ಮಾತು ಸರಿಯೇ. ಅದು ಅರಮನೆಯ ತೋಟ ಅಲ್ಲ, ದುಡಿಯುವವರ ನರ್ಸರಿ. ಜುಲೈ 14ರ ಬೆಳಿಗ್ಗೆ ಇನ್ನಷ್ಟು ಪ್ರತಿನಿಧಿಗಳು ಬಂದಾಗ ಬಾರ್ಟ್ರಮ್ ಬರಿಗಾಲಲ್ಲಿ ಗುದ್ದಲಿ ಹಿಡಿದು ಕಳೆ ತೆಗೆಯುತ್ತಿದ್ದ. ಹಾಗೆ ಗೊಣಗಿದ ವಾಷಿಂಗ್ಟನ್ನೇ 1792ರಲ್ಲಿ ತನ್ನ ಮೌಂಟ್ ವೆರ್ನನ್ ಮನೆಗೆ ಇಲ್ಲಿಂದ ಗಿಡ ತರಿಸಿಕೊಂಡ.

ಅತ್ತ ಅಲ್ಟಮಾಹಾ ದಂಡೆಯಲ್ಲಿ ಮರಗಳು ಕಡಿಮೆಯಾಗುತ್ತಾ ಬಂದವು. 1803ರಲ್ಲಿ ಜಾನ್ ಲಯನ್ ಎಂಬ ಗಿಡ ಸಂಗ್ರಹಕಾರ ಕೆಲವೇ ಮರ ಕಂಡ. ಕಾಡಿನಲ್ಲಿ ಫ್ರಾಂಕ್ಲಿನಿಯಾ ಕಂಡದ್ದಕ್ಕೆ ಅದೇ ಕೊನೆಯ ಖಚಿತ ದಾಖಲೆ. ಆಮೇಲೆ ಎಷ್ಟೋ ಜನ ಹುಡುಕಿದರು, ಸಿಗಲಿಲ್ಲ. ನೆರೆ ಬಂದು ಕೊಚ್ಚಿತು, ಹತ್ತಿ ಬೆಳೆಯ ಜೊತೆ ಬಂದ ರೋಗ ತಗುಲಿತು, ಗಿಡ ಕೀಳುವವರೇ ಮುಗಿಸಿದರು, ಹೀಗೆ ಒಬ್ಬೊಬ್ಬರದು ಒಂದೊಂದು ಊಹೆ.

ಮೊಮ್ಮಗಳ ಕಾಲ

1812ರಲ್ಲಿ ಚಿಕ್ಕ ಜಾನ್ ತೀರಿಕೊಂಡ. ತೋಟ ಮಗಳು ಆನ್ ಬಾರ್ಟ್ರಮ್ ಕಾರ್ ಕೈಗೆ ಬಂತು. ಹೆಸರು ಅಜ್ಜಿಯದ್ದು, ಗಿಡದ ವಿದ್ಯೆ ದೊಡ್ಡಪ್ಪ ವಿಲಿಯಂ ಹೇಳಿಕೊಟ್ಟದ್ದು. ಗಂಡ ರಾಬರ್ಟ್ ಕಾರ್ ಮೂಲದಲ್ಲಿ ಮುದ್ರಣದವನು. ಇಬ್ಬರೂ ಸೇರಿ ನರ್ಸರಿಯನ್ನು ಎತ್ತರಕ್ಕೆ ಒಯ್ದರು. ಹತ್ತು ಗಾಜಿನ ಮನೆ, 1,400ಕ್ಕೂ ಹೆಚ್ಚು ದೇಶಿ ಜಾತಿ, ಸಾವಿರದಷ್ಟು ಹೊರದೇಶದ ಜಾತಿ. 1823ರ ಜುಲೈ 22ರಂದು 84 ವರ್ಷದ ವಿಲಿಯಂ ಅದೇ ಮನೆಯಲ್ಲಿ ಕಣ್ಣು ಮುಚ್ಚಿದ.

ಡಿಸೆಂಬರ್ ಬಂದರೆ ನಮ್ಮ ನರ್ಸರಿಗಳಲ್ಲೂ ಕೆಂಪಾಗಿ ಕೂತಿರುತ್ತದಲ್ಲ, ಎಲೆಯೇ ಹೂವಿನಂತೆ ಕಾಣುವ ಪಾಯಿನ್ಸೆಟಿಯಾ, ಅದರ ಕಥೆಯೂ ಇಲ್ಲಿ ಹಾದುಹೋಗುತ್ತದೆ. ಮೆಕ್ಸಿಕೋದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜೋಯಲ್ ಪಾಯಿನ್ಸೆಟ್ ಕಾಲದಲ್ಲಿ ಅಲ್ಲಿಂದ ಬಂದ ಆ ಗಿಡವನ್ನು ರಾಬರ್ಟ್ ಕಾರ್ 1829ರ ಫಿಲಡೆಲ್ಫಿಯಾ ಫಲಪುಷ್ಪ ಪ್ರದರ್ಶನದಲ್ಲಿ ಜನರ ಮುಂದಿಟ್ಟ.

ಇಷ್ಟೆಲ್ಲ ಇದ್ದರೂ ಲೆಕ್ಕ ಕೂಡಲಿಲ್ಲ. ಹಣಕಾಸಿನ ತೊಂದರೆ ಬಿಗಿಯಾಗುತ್ತಾ ಹೋಯಿತು. 1850ರಲ್ಲಿ ಕುಟುಂಬ ತೋಟವನ್ನು ಮಾರಿತು. ಅಜ್ಜ ಹರಾಜಿನಲ್ಲಿ ಹಿಡಿದ ಜಮೀನು 122 ವರ್ಷಕ್ಕೆ ಬೇರೆಯವರ ಪಾಲಾಯಿತು. ಎಂಟು ವರ್ಷದ ಮೇಲೆ ಆನ್ ತೀರಿಕೊಂಡಳು.

ಉಳಿದದ್ದು

ಪುಣ್ಯಕ್ಕೆ ಕೊಂಡವನು ಒಳ್ಳೆಯವನು. ಆಂಡ್ರ್ಯೂ ಈಸ್ಟ್‌ವಿಕ್ ರಷ್ಯಾದಲ್ಲಿ ರೈಲ್ವೆ ಕೆಲಸ ಮಾಡಿ ಹಣ ಗಳಿಸಿ ಬಂದವನು. ತನಗೆ ಬೇರೆ ಮನೆ ಕಟ್ಟಿಸಿಕೊಂಡು ಹಳೆಯ ಮನೆ, ತೋಟವನ್ನು ಹಾಗೇ ಬಿಟ್ಟ. 1879ರಲ್ಲಿ ಅವನು ಸತ್ತ ಮೇಲೆ ಮತ್ತೆ ಆತಂಕ. ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ, ನದಿ ದಂಡೆಯ ಜಾಗ ಯಾರಿಗೆ ಬೇಡ? ಈಸ್ಟ್‌ವಿಕ್ ಹತ್ತಿರ ಮಾಲಿಯಾಗಿದ್ದು, ಆಮೇಲೆ ಸ್ವಂತ ನರ್ಸರಿ ಕಟ್ಟಿ, ನಗರಸಭೆಯ ಸದಸ್ಯನೂ ಆದ ಥಾಮಸ್ ಮೀಹನ್ ಪಟ್ಟು ಹಿಡಿದ. 1891ರಲ್ಲಿ ಫಿಲಡೆಲ್ಫಿಯಾ ನಗರಾಡಳಿತ ತೋಟವನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ಒಬ್ಬ ನರ್ಸರಿಯವನ ತೋಟವನ್ನು ಉಳಿಸಿದವನೂ ಇನ್ನೊಬ್ಬ ನರ್ಸರಿಯವನೇ.

ಇವತ್ತು ಅದು ಸಾರ್ವಜನಿಕ ತೋಟ. ಜಾನ್ ಕಟ್ಟಿದ ಕಲ್ಲಿನ ಮನೆ ಇದೆ. 1785ರ ಸುಮಾರಿಗೆ ಬಂದ ಗಿಂಕೊ ಮರ ಇದೆ, ಉತ್ತರ ಅಮೆರಿಕದಲ್ಲಿರುವ ಗಿಂಕೊಗಳಲ್ಲೇ ಹಳೆಯದು ಅಂತ ಅದನ್ನು ತೋರಿಸುತ್ತಾರೆ. ಫ್ರಾಂಕ್ಲಿನಿಯಾವೂ ಇದೆ.

ಫ್ರಾಂಕ್ಲಿನಿಯಾ ಸಾಕಲು ಸುಲಭದ ಮರ ಅಲ್ಲ. ನೀರು ನಿಂತರೆ ಬೇರು ಕೊಳೆಯುತ್ತದೆ, ಕಿತ್ತು ಬೇರೆಡೆ ನೆಟ್ಟರೆ ಮುನಿಸಿಕೊಳ್ಳುತ್ತದೆ, ಕಾಯಿ ಬಲಿಯಲು ಒಂದು ವರ್ಷಕ್ಕಿಂತ ಹೆಚ್ಚು ಬೇಕು. ಆದರೂ ಅಮೆರಿಕ, ಯುರೋಪಿನ ತೋಟಗಳಲ್ಲಿ ಬೇಸಿಗೆಯ ಕೊನೆಗೆ ಹೂ ಬಿಡುತ್ತದೆ, ಆಮೇಲೆ ಎಲೆ ಕೆಂಪಾಗುತ್ತದೆ. ಆ ಮರಗಳೆಲ್ಲ ಬಾರ್ಟ್ರಮ್ ತೋಟದ ಮರಗಳ ಸಂತಾನ ಎಂದೇ ನಂಬಲಾಗಿದೆ. ಅದು ಹುಟ್ಟಿದ ನದಿ ದಂಡೆಯಲ್ಲಿ ಒಂದೂ ಇಲ್ಲ.

ಅಪ್ಪ ಗುರುತಿಸಿದ, ಮಗ ಬೀಜ ತಂದ, ತಮ್ಮ ಸಸಿ ಮಾಡಿ ಮಾರಿದ, ಮೊಮ್ಮಗಳು ನೀರೆರೆದಳು. ಕಾಡಿನಲ್ಲಿ ಆ ಮರ ಮುಗಿಯುತ್ತಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಗಿರಾಕಿ ಕೇಳಿದರೆ ಕೊಡಲು ನಾಲ್ಕು ಸಸಿ ಇರಲಿ ಅನ್ನುವ ನರ್ಸರಿಯ ಲೆಕ್ಕದಲ್ಲೇ ಅದನ್ನು ಪ್ರತಿ ವರ್ಷ ಬೆಳೆಸುತ್ತಾ ಹೋದರು.